ಮುಂಬಯಿಯ ಫ್ಲ್ಯಾಟಿನಲ್ಲಿ ರೆಸಿನ್ ಎರಕ: ಪುಟ್ಟ ರೈಲು ಮಾದರಿಗಳ ಬಿಡಿಭಾಗಗಳನ್ನು ಮನೆಯಲ್ಲೇ ಮಾಡುವ ಬಗೆ

ಉದ್ಯಾನ್ ಎಕ್ಸ್‌ಪ್ರೆಸ್ಸಿನ ಹಳೆಯ ನೀಲಿ ಬೋಗಿಯೊಂದನ್ನು 1:87 ಅಳತೆಯಲ್ಲಿ ಕಟ್ಟಹೊರಟವರನ್ನು ಗೋಡೆ, ಕಿಟಕಿ, ಬಾಗಿಲುಗಳು ಅಷ್ಟೇನೂ ಸತಾಯಿಸುವುದಿಲ್ಲ. ಪ್ಲಾಸ್ಟಿಕ್ ಹಾಳೆ, ಹರಿತವಾದ ಚಾಕು, ಉಕ್ಕಿನ ಸ್ಕೇಲು ಇದ್ದರೆ ಅವು ಹೇಗೋ ಎದ್ದು ನಿಲ್ಲುತ್ತವೆ. ಸತಾಯಿಸುವುದು ಒಳಗೆ ಗಾಳಿಯಾಡಲೆಂದು ಚಾವಣಿಯ ಮೇಲೆ ಸಾಲುಗಟ್ಟಿ ಕುಳಿತ ಟಾರ್ಪಿಡೊ ವೆಂಟಿಲೇಟರುಗಳು. ಒಂದನ್ನು ಕೈಯಲ್ಲಿ ಕೆತ್ತಬಹುದು, ಇನ್ನೊಂದನ್ನೂ ಕೆತ್ತಬಹುದು. ಇಡೀ ರೈಲಿಗೆ ಸಾಲುವಷ್ಟನ್ನು ಒಂದೇ ತೆರನಾಗಿ ಕೆತ್ತುತ್ತೇನೆಂದು ಕುಳಿತರೆ ತಾಳ್ಮೆಯೂ ಕಣ್ಣೂ ಒಟ್ಟಿಗೇ ಕೈಕೊಡುತ್ತವೆ. ಒಂದನ್ನು ಚೆನ್ನಾಗಿ ಮಾಡಿ, ಅದರ ಅಚ್ಚು ತೆಗೆದು, ಉಳಿದವನ್ನು ರೆಸಿನ್‌ನಲ್ಲಿ, ಅಂದರೆ ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ಕಿನಲ್ಲಿ, ಎರಕ ಹೊಯ್ಯುವುದೇ ಸರಿಯಾದ ದಾರಿ.

ಪೆರಂಬೂರಿನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ 1955ರಿಂದ 2018ರವರೆಗೆ ತಯಾರಿಸಿದ ಈ ಬಗೆಯ ಬೋಗಿಗಳನ್ನು ಮುಂಬಯಿ ಕನ್ನಡಿಗರಿಗೆ ಪರಿಚಯಿಸಬೇಕಿಲ್ಲ. ಬೆಂಗಳೂರು ಕಡೆಯವರಿಗೆ ಉದ್ಯಾನ್, ಕರಾವಳಿಯವರಿಗೆ ಮತ್ಸ್ಯಗಂಧ. ಊರಿನ ದಾರಿ ಸವೆದದ್ದೇ ಅವುಗಳಲ್ಲಿ. ಬೋಗಿಯ ಒಡಲಿನ ಉದ್ದ 21,337 ಮಿ.ಮೀ., ಅಗಲ 3,245 ಮಿ.ಮೀ. ಇದನ್ನು 87ರಿಂದ ಭಾಗಿಸಿದರೆ ಸುಮಾರು 245 ಮತ್ತು 37 ಮಿ.ಮೀ. ಆಗುತ್ತದೆ. ಹಳಿಯ ಲೆಕ್ಕ ಮಾತ್ರ ತಪ್ಪುತ್ತದೆ: ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ., ಅಂದರೆ ಮಾದರಿಯಲ್ಲಿ 19 ಮಿ.ಮೀ.ಗಿಂತ ತುಸು ಹೆಚ್ಚು ಬರಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಒ (1:87 ಅಳತೆಗೆ ಇರುವ ಹೆಸರು) ಹಳಿ 16.5 ಮಿ.ಮೀ. ಈ ಎರಡು ಮುಕ್ಕಾಲು ಮಿಲಿಮೀಟರಿನ ಸುಳ್ಳನ್ನು ಮಾದರಿ ಕಟ್ಟುವವರೆಲ್ಲ ಕಣ್ಣುಮುಚ್ಚಿ ಒಪ್ಪಿಕೊಂಡಿದ್ದಾರೆ. ನಾನೂ ಒಪ್ಪಿಕೊಂಡಿದ್ದೇನೆ.

ಈ ಕೆಲಸಕ್ಕೆ ಕೈಚಳಕ ಬೇಕು ಎನ್ನುವವರಿದ್ದಾರೆ. ನನ್ನ ಪ್ರಕಾರ ಬೇಕಾದದ್ದು ಗಾಳಿಯ ಮೇಲೆ ಹಿಡಿತ. ಎರಕದಲ್ಲಿ ಸಿಕ್ಕಿಬೀಳುವ ಗಾಳಿ ಒಂದು, ಕೋಣೆಯಲ್ಲಿ ತುಂಬಿರುವ ತೇವದ ಗಾಳಿ ಇನ್ನೊಂದು. ಮುಂಬಯಿಯಲ್ಲಿ ಎರಡನೆಯದೇ ಹೆಚ್ಚು ತುಂಟ.

ಏನು ಕೊಳ್ಳಬೇಕು, ಏನು ಬೇಡ

ಎರಕಕ್ಕೆ ಮೂರು ಬಗೆಯ ರೆಸಿನ್ ಸಿಗುತ್ತವೆ. ಫೈಬರ್‌ಗ್ಲಾಸ್ ಕೆಲಸದವರು ಬಳಸುವ ಪಾಲಿಯೆಸ್ಟರ್ ಅಗ್ಗ, ಆದರೆ ಅದರ ಸ್ಟೈರೀನ್ ವಾಸನೆ ಇಡೀ ಮಹಡಿಗೆ ಹರಡುತ್ತದೆ, ಗಟ್ಟಿಯಾಗುವಾಗ ಕುಗ್ಗುತ್ತದೆ. ಅದನ್ನು ಗಟ್ಟಿಯಾಗಿಸಲು ಹಾಕುವ ಪೆರಾಕ್ಸೈಡ್ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಆ ಕ್ರಿಯೆಯನ್ನು ಚುರುಕುಗೊಳಿಸುವ ಕೋಬಾಲ್ಟ್ ಆಕ್ಸಿಲರೇಟರಿನೊಂದಿಗೆ ಅದನ್ನು ನೇರವಾಗಿ ಬೆರೆಸಿದರೆ ಸ್ಫೋಟವೇ ಆಗಬಹುದು. ಸೊಸೈಟಿಯ ಫ್ಲ್ಯಾಟಿಗೆ ಇದು ಹೇಳಿದ್ದಲ್ಲ. ಎಪಾಕ್ಸಿಗೆ ವಾಸನೆ ಕಡಿಮೆ, ತೇವಕ್ಕೂ ಅಷ್ಟಾಗಿ ಹೆದರುವುದಿಲ್ಲ, ಆದರೆ ಗಟ್ಟಿಯಾಗಲು ಸಾಮಾನ್ಯವಾಗಿ ಒಂದು ದಿನ ತೆಗೆದುಕೊಳ್ಳುತ್ತದೆ. ಮೂರನೆಯದು ಪಾಲಿಯುರೆಥೇನ್. ನೀರಿನಂತೆ ತೆಳು, ಕೂದಲೆಳೆಯ ಗೀರಿಗೂ ಇಳಿಯುತ್ತದೆ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅಚ್ಚಿನಿಂದ ಹೊರಬರುತ್ತದೆ. ಮಾದರಿ ಕಟ್ಟುವವರ ಆಯ್ಕೆ ಇದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಸಿ ಇಲ್ಲದ ಮನೆಯಲ್ಲಿ ಕೆಲಸ ಮಾಡುವುದಾದರೆ ಮಾತ್ರ ಎಪಾಕ್ಸಿಯನ್ನು ಹಿಡಿಯಿರಿ.

ಅಂಗಡಿಯಲ್ಲಿ ಬರೀ ‘ರೆಸಿನ್ ಕೊಡಿ’ ಎನ್ನಬೇಡಿ. ಅಂಗಡಿಯವನು ಕೈಗೆ ಸಿಕ್ಕಿದ್ದನ್ನು ಕೊಟ್ಟಾನು. ‘ಎರಕದ ಪಾಲಿಯುರೆಥೇನ್, ಎರಡು ಬಾಟಲಿಯದು, ಬಿಳಿಯದು’ ಎಂದು ಕೇಳಿ. ಅತಿ ಚಿಕ್ಕ ಪೊಟ್ಟಣವನ್ನೇ ಕೊಳ್ಳಿ. ಬಾಟಲಿಯ ಮುಚ್ಚಳ ತೆರೆದ ದಿನದಿಂದ ಅದರ ಆಯುಷ್ಯ ಇಳಿಯತೊಡಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಐದು ಕಿಲೋ ತಂದರೆ ಅದರಲ್ಲಿ ನಾಲ್ಕು ಕಿಲೋ ಬಾಟಲಿಯಲ್ಲೇ ಕೆಟ್ಟುಹೋಗುತ್ತದೆ.

ಅಚ್ಚಿಗೆ ಬೇಕಾದದ್ದು ಆರ್‌ಟಿವಿ ಸಿಲಿಕೋನ್, ಅಂದರೆ ಕೋಣೆಯ ಉಷ್ಣತೆಯಲ್ಲೇ ರಬ್ಬರ್ ಆಗುವಂಥದ್ದು. ಇದರಲ್ಲಿ ತವರದಿಂದ ಗಟ್ಟಿಯಾಗುವುದು, ಪ್ಲಾಟಿನಂನಿಂದ ಗಟ್ಟಿಯಾಗುವುದು ಎಂದು ಎರಡು ಬಗೆ. ಪ್ಲಾಟಿನಂ ಬಗೆಯ ಅಚ್ಚು ವರ್ಷಗಟ್ಟಲೆ ಬಾಳುತ್ತದೆ, ಕುಗ್ಗುವುದಿಲ್ಲ, ಆದರೆ ಮಹಾ ಮಡಿವಂತ. ಗಂಧಕವಿರುವ ಮಾಡೆಲಿಂಗ್ ಕ್ಲೇ, ಲೇಟೆಕ್ಸ್ ಕೈಗವಸು, ಪೂರ್ತಿ ಗಟ್ಟಿಯಾಗದ ತ್ರೀಡಿ ಪ್ರಿಂಟ್ ರೆಸಿನ್ ಇವುಗಳನ್ನು ಮುಟ್ಟಿದರೆ ಅಲ್ಲಿ ಅಂಟಂಟಾಗಿಯೇ ಉಳಿದುಬಿಡುತ್ತದೆ. ತವರದ ಬಗೆ ಅಗ್ಗ, ಒರಟು, ಇಂಥ ತಕರಾರು ಕಡಿಮೆ. ಅದು ಗಟ್ಟಿಯಾಗಲು ಗಾಳಿಯ ತೇವ ಬೇಕು, ಹಾಗಾಗಿ ಇಲ್ಲಿಯ ಹವೆ ಅದಕ್ಕೆ ಒಪ್ಪುತ್ತದೆ. ಮೊದಲ ಸಲದವರು ತವರದ ಬಗೆಯನ್ನೇ ಕೊಳ್ಳಲಿ.

ರಾಸಾಯನಿಕಗಳಿಗೆ ಪ್ರಿನ್ಸೆಸ್ ಸ್ಟ್ರೀಟಿನಲ್ಲಿ ವಿಚಾರಿಸಿ. ಫೈಲು, ಡ್ರಿಲ್ ಬಿಟ್ಟುಗಳಿಗೆ ನಾಗದೇವಿ ಸ್ಟ್ರೀಟ್. ಜವೇರಿ ಬಜಾರಿನ ಆಸುಪಾಸಿನಲ್ಲಿ ಚಿನ್ನ ತೂಗುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಸಿಗುತ್ತದೆ. 0.01 ಗ್ರಾಂವರೆಗೆ ತೋರಿಸುವಂಥದ್ದನ್ನು ತೆಗೆದುಕೊಳ್ಳಿ. ಹಣ ಸುರಿಯುವುದಿದ್ದರೆ ಇದರ ಮೇಲೆ ಸುರಿಯಿರಿ, ಗುಳ್ಳೆ ತೆಗೆಯುವ ನಿರ್ವಾತ ಪಂಪಿನ ಮೇಲಲ್ಲ. ಇವುಗಳ ಜೊತೆಗೆ ನೈಟ್ರೈಲ್ ಕೈಗವಸು, ಪ್ಲಾಸ್ಟಿಕ್ ಕಪ್ಪುಗಳು, ಸೂಜಿಯಿಲ್ಲದ ಸಿರಿಂಜ್, ಟಾಲ್ಕಂ ಪೌಡರ್, ವ್ಯಾಸಲಿನ್. ಕಾಗದದ ಕಪ್ಪು, ಐಸ್‌ಕ್ರೀಮ್ ಕಡ್ಡಿ ಬೇಡ. ಎರಡೂ ತೇವವನ್ನು ಹೀರಿಕೊಂಡಿರುತ್ತವೆ, ಆ ತೇವವನ್ನು ನೇರವಾಗಿ ರೆಸಿನ್‌ಗೆ ಒಪ್ಪಿಸುತ್ತವೆ. ಕಲಕಲು ಉಕ್ಕಿನ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿ ಇರಲಿ.

ಹಳೆಯ ಪ್ರೆಶರ್ ಕುಕ್ಕರನ್ನು ಒತ್ತಡದ ಪಾತ್ರೆಯಾಗಿಸುವ ಸಲಹೆ ಎಲ್ಲಾದರೂ ಕಿವಿಗೆ ಬೀಳುತ್ತದೆ. ಎರಕದವರು ಕೊಡುವ ಗಾಳಿಯ ಒತ್ತಡ 40ರಿಂದ 60 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಅಡುಗೆಮನೆಯ ಕುಕ್ಕರ್ ಕೆಲಸ ಮಾಡುವುದು ಸುಮಾರು 15ರಲ್ಲಿ. ಆ ಪ್ರಯೋಗ ಮಾಡಬೇಡಿ. ಇಲ್ಲಿ ಹೇಳುವ ಭಾಗಗಳಿಗೆ ಒತ್ತಡವೂ ಬೇಡ, ನಿರ್ವಾತವೂ ಬೇಡ.

ಕೋಣೆ, ಕೈ, ಮೂಗು

ಪಾಲಿಯುರೆಥೇನಿನ ಒಂದು ಬಾಟಲಿಯಲ್ಲಿ ಐಸೋಸಯನೇಟ್ ಇರುತ್ತದೆ. ಅದರ ಆವಿ ಮತ್ತೆ ಮತ್ತೆ ಮೂಗಿಗೆ ಹೋದರೆ ದೇಹ ಅದಕ್ಕೆ ಅಲರ್ಜಿ ಬೆಳೆಸಿಕೊಳ್ಳಬಹುದು, ಉಬ್ಬಸ ಶುರುವಾಗಬಹುದು. ಆಮೇಲೆ ಒಂದು ಹನಿಯ ಆವಿಯೂ ಸಾಕಾಗುತ್ತದೆ. ಮನೆಯಲ್ಲಿ ಉಬ್ಬಸದವರಿದ್ದರೆ ಈ ರೆಸಿನ್ ತರಲೇಬೇಡಿ. ಎನ್95 ಮುಖಗವಸು ಧೂಳನ್ನು ತಡೆಯುತ್ತದೆ, ಆವಿಯನ್ನಲ್ಲ. ಸಾವಯವ ಆವಿಗೆಂದೇ ಇರುವ ಕಾರ್ಟ್ರಿಜ್ ಇರುವ ಮುಖಗವಸು ಬೇಕು. ಕಿಟಕಿಯಲ್ಲಿ ಹೊರಮುಖವಾಗಿ ಎಗ್ಸಾಸ್ಟ್ ಫ್ಯಾನ್ ಇರಲಿ, ಕನ್ನಡಕ ಹಾಕಿಕೊಳ್ಳಿ. ಅಡುಗೆಮನೆಯ ಲೋಟ, ಚಮಚ ಇದಕ್ಕೆ ಬಂದರೆ ಮತ್ತೆ ಅಡುಗೆಮನೆಗೆ ಹಿಂತಿರುಗಬಾರದು. ಮೇಜಿನ ಮೇಲೆ ಹಳೆಯ ಪತ್ರಿಕೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ. ಅದಕ್ಕೆ ಅಂಟಿದ ಸಿಲಿಕೋನ್, ರೆಸಿನ್ ಮರುದಿನ ಸಿಪ್ಪೆಯಂತೆ ಎದ್ದುಬರುತ್ತದೆ.

ಮೂಲ ಮಾದರಿ

ಸಿಲಿಕೋನ್ ಯಾವುದನ್ನೂ ಕ್ಷಮಿಸುವುದಿಲ್ಲ. ಮೂಲದ ಮೇಲೆ ನಿಮ್ಮ ಬೆರಳಚ್ಚು ಇದ್ದರೆ ಪ್ರತಿ ಎರಕದ ಮೇಲೂ ಅದೇ ಬೆರಳಚ್ಚು. ಆದ್ದರಿಂದ ಸಮಯ ಕೊಡಬೇಕಾದ ಹಂತ ಇದು.

ವೆಂಟಿಲೇಟರಿಗೆ ಪ್ಲಾಸ್ಟಿಕ್ ಕಿಟ್ಟಿನ ಚೌಕಟ್ಟಿನಲ್ಲಿ ಉಳಿಯುವ ಗುಂಡು ಕಡ್ಡಿ ಸಾಕು. ಅದನ್ನು ಕೈ ಡ್ರಿಲ್ಲಿಗೆ ಸಿಕ್ಕಿಸಿ ನಿಧಾನವಾಗಿ ತಿರುಗಿಸುತ್ತ ಎರಡೂ ತುದಿಗಳನ್ನು ಫೈಲಿನಿಂದ ಇಳಿಜಾರು ಮಾಡಿ. ತುಂಡರಿಸಿದ ಮೇಲೆ ಕೆಳಭಾಗವನ್ನು ಚಾವಣಿಯ ಬಾಗಿಗೆ ಹೊಂದುವಂತೆ ಉಜ್ಜಬೇಕು ಎನ್ನಿಸುತ್ತದೆ. ಉಜ್ಜಬೇಡಿ, ಚಪ್ಪಟೆಯಾಗಿಯೇ ಬಿಡಿ. ಚಪ್ಪಟೆ ತಳವಿದ್ದರೆ ಒಂದೇ ಭಾಗದ ಅಚ್ಚು ಸಾಕು. ಬಾಗನ್ನು ಎರಕದ ಮೇಲೆ ಆಮೇಲೆ ಕೊಡಬಹುದು: ಬೋಗಿಯ ಚಾವಣಿಗೇ ಮರಳುಕಾಗದ ಹಾಸಿ, ಅದರ ಮೇಲೆ ನಾಲ್ಕು ಸಲ ಎಳೆದರೆ ಮುಗಿಯಿತು.

ಜೋಡಣೆಗಳಿಗೆ ಫೆವಿಕ್ವಿಕ್, ಸಂದುಗಳಿಗೆ ಕಾರಿಗೆ ಹಚ್ಚುವ ಪುಟ್ಟಿ. ಮರ ಅಥವಾ ಪ್ಲಾಸ್ಟರಿನಿಂದ ಮಾಡಿದ್ದರೆ ಎರಡು ಕೈ ವಾರ್ನಿಷ್ ಬೇಕು, ಇಲ್ಲದಿದ್ದರೆ ಅದರ ರಂಧ್ರಗಳಿಗೆ ಸಿಲಿಕೋನ್ ಇಳಿದು ಕಚ್ಚಿಕೊಳ್ಳುತ್ತದೆ. ಕೊನೆಗೆ ಬೂದು ಪ್ರೈಮರಿನ ತೆಳ್ಳಗಿನ ಒಂದು ಕೈ. ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಕಾಣದ ಗೀರುಗಳೆಲ್ಲ ಬೂದುಬಣ್ಣದ ಮೇಲೆ ಎದ್ದು ಕಾಣುತ್ತವೆ. ಟೇಬಲ್ ದೀಪವನ್ನು ಮೇಲಿನಿಂದಲ್ಲ, ಪಕ್ಕದಿಂದ ಹಿಡಿದು ನೋಡಿ, ಸರಿಪಡಿಸಿ, ಮತ್ತೆ ಪ್ರೈಮರ್ ಹೊಡೆಯಿರಿ.

ಬೇರೆಯವರು ಮಾರುವ ಭಾಗವನ್ನು ಮೂಲವಾಗಿಟ್ಟುಕೊಂಡು ನಕಲು ತೆಗೆದು ಮಾರುವುದು ಕಳ್ಳತನ. ಈ ಹವ್ಯಾಸದಲ್ಲಿ ಸಣ್ಣಪುಟ್ಟ ತಯಾರಕರೇ ಹೆಚ್ಚು, ಪೆಟ್ಟು ಬೀಳುವುದು ಅವರಿಗೆ.

ಒಂದೇ ಭಾಗದ ಅಚ್ಚು

ಒಂದೇ ವೆಂಟಿಲೇಟರಿನ ಅಚ್ಚಿನಿಂದ ರೈಲು ತುಂಬಿಸಲು ಹೋಗಬೇಡಿ. ಮೊದಲು ಒಂಟಿ ಅಚ್ಚು ಮಾಡಿ ಹತ್ತು–ಹನ್ನೆರಡು ಎರಕ ತೆಗೆಯಿರಿ, ಅವುಗಳಲ್ಲಿ ಚೊಕ್ಕವಾದವನ್ನು ಆರಿಸಿ ತಿದ್ದಿ, ಅವನ್ನೇ ಸಾಲಾಗಿ ಅಂಟಿಸಿ ಎರಡನೆಯ ಅಚ್ಚು ತೆಗೆಯಿರಿ. ಇಂಥ ಪುಟ್ಟ ಭಾಗದಲ್ಲಿ ಕುಗ್ಗುವಿಕೆ ಲೆಕ್ಕಕ್ಕೆ ಬರುವುದಿಲ್ಲ. 245 ಮಿ.ಮೀ. ಉದ್ದದ ಬೋಗಿಯ ಒಡಲಾದರೆ ನೂರಕ್ಕೆ ಒಂದರಷ್ಟು ಕುಗ್ಗಿದರೂ ಎರಡೂವರೆ ಮಿಲಿಮೀಟರ್ ಹೋಯಿತು.

ನುಣುಪಾದ ಅಕ್ರಿಲಿಕ್ ತುಂಡಿನ ಮೇಲೆ ಭಾಗಗಳನ್ನು ಚಪ್ಪಟೆ ತಳ ಕೆಳಗಾಗಿ ಅಂಟಿಸಿ. ಅಂಟು ಹೊರಗೆ ಉಕ್ಕಬಾರದು, ತಳಕ್ಕೂ ಹಾಳೆಗೂ ನಡುವೆ ಕೂದಲಿನಷ್ಟೂ ಸಂದು ಉಳಿಯಬಾರದು. ಭಾಗಗಳ ನಡುವೆ 4–5 ಮಿ.ಮೀ., ಅಂಚಿನಿಂದ 8 ಮಿ.ಮೀ. ಬಿಡಿ. ಸುತ್ತ ಸನ್‌ಬೋರ್ಡ್ (ಹಗುರವಾದ ಪ್ಲಾಸ್ಟಿಕ್ ಫೋಮ್ ಹಲಗೆ) ಅಥವಾ ಮಕ್ಕಳ ಲೆಗೊ ಇಟ್ಟಿಗೆಗಳಿಂದ ಗೋಡೆ ಕಟ್ಟಿ, ಹೊರಗಿನ ಮೂಲೆಗಳಿಗೆ ಗ್ಲೂಗನ್ನಿನಿಂದ ಬಿಸಿ ಅಂಟು ಎಳೆಯಿರಿ. ಗೋಡೆ ಅತಿ ಎತ್ತರದ ಭಾಗಕ್ಕಿಂತ 8–10 ಮಿ.ಮೀ. ಮೇಲಿರಲಿ.

ಈಗ ಲೆಕ್ಕ. ಪೆಟ್ಟಿಗೆಯ ಒಳಅಳತೆ 50×30×15 ಮಿ.ಮೀ. ಎಂದುಕೊಳ್ಳಿ. ಅದು 22.5 ಮಿ.ಲೀ. ಸಿಲಿಕೋನ್ ನೀರಿಗಿಂತ ತುಸು ಭಾರ, 1.15ರಿಂದ ಗುಣಿಸಿದರೆ 26 ಗ್ರಾಂ. ಕಪ್ಪಿಗೆ ಅಂಟುವುದೂ ಸೇರಿ 30 ಗ್ರಾಂ ತೆಗೆದುಕೊಳ್ಳಿ. ಲೇಬಲ್ ಶೇ. 3 ಹಾರ್ಡನರ್ (ಸಿಲಿಕೋನನ್ನು ಗಟ್ಟಿಯಾಗಿಸುವ ದ್ರವ) ಎಂದರೆ 0.9 ಗ್ರಾಂ. ಚಿನ್ನದ ತಕ್ಕಡಿ ಬೇಕಾದದ್ದು ಇದಕ್ಕೇ. ಬೇಗ ಆಗಲೆಂದು ಹಾರ್ಡನರ್ ಹೆಚ್ಚಿಸಿದರೆ ರಬ್ಬರ್ ಬಿರುಸಾಗಿ ಬೇಗ ಹರಿಯುತ್ತದೆ.

ಬೆರೆಸುವಾಗ ಕಪ್ಪಿನ ಗೋಡೆಯನ್ನೂ ತಳವನ್ನೂ ಕೆರೆಯುತ್ತ ಎರಡು–ಮೂರು ನಿಮಿಷ ಕಲಕಿ, ಆಮೇಲೆ ಇನ್ನೊಂದು ಕಪ್ಪಿಗೆ ಸುರಿದು ಮತ್ತೆ ಕಲಕಿ. ಮೊದಲ ಕಪ್ಪಿನ ಮೂಲೆಯಲ್ಲಿ ಬೆರೆಯದೆ ಉಳಿದದ್ದು ಅಲ್ಲೇ ಉಳಿಯಲಿ. ಮೃದುವಾದ ಕುಂಚದಲ್ಲಿ ಭಾಗಗಳಿಗೆ ತೆಳುವಾಗಿ ಹಚ್ಚಿ, ಒಳಮೂಲೆಗಳಲ್ಲಿನ ಗುಳ್ಳೆಗಳನ್ನು ಕುಂಚದ ತುದಿಯಿಂದ ಒಡೆಯಿರಿ. ಉಳಿದದ್ದನ್ನು ಒಂದೂವರೆ ಅಡಿ ಎತ್ತರದಿಂದ, ಪೆಟ್ಟಿಗೆಯ ಒಂದೇ ಮೂಲೆಗೆ, ದಾರದಷ್ಟು ಸಣ್ಣ ಎಳೆಯಾಗಿ ಬಿಡಿ. ಎಳೆ ಕೆಳಗಿಳಿಯುತ್ತ ಹಿಗ್ಗಿದಾಗ ಅದರೊಳಗಿನ ಗುಳ್ಳೆಗಳು ಹಿಗ್ಗಿ ಒಡೆಯುತ್ತವೆ. ಭಾಗಗಳ ತಲೆಯ ಮೇಲೆ ಸುರಿಯಬೇಡಿ. ಮಟ್ಟ ತಾನಾಗಿ ಏರಿ ಅವನ್ನು ಮುಳುಗಿಸಲಿ. ನಂತರ ಮೇಜನ್ನು ಮುಷ್ಟಿಯಿಂದ ಮೆಲ್ಲಗೆ ಗುದ್ದುತ್ತಿರಿ. ಕೆಳಮನೆಯವರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು.

ಮರುದಿನ ಗೋಡೆ ಬಿಚ್ಚಿ ಅಚ್ಚನ್ನು ಸುಲಿಯಿರಿ. ತಕ್ಷಣ ರೆಸಿನ್ ಹೊಯ್ಯುವ ಆತುರ ಬೇಡ. ತವರದ ಬಗೆಯ ಸಿಲಿಕೋನ್ ಗಟ್ಟಿಯಾಗುವಾಗ ಆಲ್ಕೋಹಾಲ್ ಹೊರಬಿಡುತ್ತದೆ, ಅದು ಅಚ್ಚಿನಲ್ಲಿ ಉಳಿದಿದ್ದರೆ ಎರಕದ ಮೈಮೇಲೆ ಸೂಜಿಮೊನೆಯಂಥ ಗುಳಿಗಳು ಮೂಡುತ್ತವೆ. 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕು ಗಂಟೆ ಬಿಸಿ ಮಾಡುವುದು ಶಾಸ್ತ್ರೋಕ್ತ ಕ್ರಮ. ಬೇರೆ ಓವನ್ ಇಲ್ಲದಿದ್ದರೆ ಇನ್ನೊಂದೆರಡು ದಿನ ಬಿಸಿಲು ಬೀಳುವ ಕಿಟಕಿಯಲ್ಲಿಡಿ.

ರೆಸಿನ್ ಹೊಯ್ಯುವುದು

ಐಸೋಸಯನೇಟ್ ನೀರಿನ ಜೊತೆ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಸ್ಪಂಜಿನ ಹಾಸಿಗೆಯಲ್ಲಿನ ಪಾಲಿಯುರೆಥೇನ್ ಫೋಮನ್ನು ಉಬ್ಬಿಸುವುದೂ ಇದೇ ಕ್ರಿಯೆ. ನಿಮ್ಮ ವೆಂಟಿಲೇಟರ್ ಉಬ್ಬಿ ಒಳಗೆಲ್ಲ ನೊರೆಯಾದರೆ ತಪ್ಪು ಕಲಕಿದ ಕೈಯದಲ್ಲ, ಗಾಳಿಯ ತೇವದ್ದು. ಮಳೆಗಾಲದಲ್ಲಿ ಮುಂಬಯಿಯ ಆರ್ದ್ರತೆ ಶೇ. 80ನ್ನು ಸಲೀಸಾಗಿ ದಾಟುತ್ತದೆ. ನವೆಂಬರ್‌ನಿಂದ ಫೆಬ್ರವರಿ ಎರಕದ ಕಾಲ. ಬೇರೆ ತಿಂಗಳುಗಳಲ್ಲಿ ಎಸಿ ಇರುವ ಕೋಣೆಯನ್ನು ಒಂದು ಗಂಟೆ ಮೊದಲೇ ಮುಚ್ಚಿ ಒಣಗಿಸಿಕೊಳ್ಳಿ, ಹೊಯ್ಯುವಾಗ ಮಾತ್ರ ಎಗ್ಸಾಸ್ಟ್ ಫ್ಯಾನ್ ಹಾಕಿ. ಗಾಳಿಯ ಆರ್ದ್ರತೆ ಅಳೆಯುವ ಸಣ್ಣ ಹೈಗ್ರೋಮೀಟರ್ ಒಂದನ್ನು ಗೋಡೆಗೆ ತೂಗುಹಾಕಿ, ಮುಳ್ಳು 60ರ ಕೆಳಗಿಳಿಯುವ ತನಕ ಬಾಟಲಿಯ ಮುಚ್ಚಳ ತೆರೆಯದಿರುವುದು ನನ್ನ ಪದ್ಧತಿ. ಮೇ ತಿಂಗಳ ಸೆಕೆಗೆ ರೆಸಿನ್ ಬೇಗ ಗಟ್ಟಿಯಾಗುತ್ತದೆಂದು ಬಾಟಲಿಯನ್ನು ಫ್ರಿಜ್ಜಿನಲ್ಲಿಡುವವರಿದ್ದಾರೆ. ಹೊರತೆಗೆದು ತೆರೆದೊಡನೆ ಒಳಗೆ ನೀರಿನ ಹನಿ ಕೂಡುತ್ತದೆ. ಇರುವ ರೋಗಕ್ಕಿಂತ ಮದ್ದು ಕೆಟ್ಟದ್ದು.

ಅಚ್ಚನ್ನು ಹಳೆಯ 60 ವ್ಯಾಟ್ ಬಲ್ಬಿನ ಕೆಳಗೆ ಅರ್ಧ ಗಂಟೆ ಬೆಚ್ಚಗಾಗಿಸಿ. ತೇವವೂ ಹೋಗುತ್ತದೆ, ರೆಸಿನ್ನೂ ಪೂರ್ತಿ ಗಟ್ಟಿಯಾಗುತ್ತದೆ. ನಂತರ ಕುಂಚದಲ್ಲಿ ಟಾಲ್ಕಂ ಪೌಡರನ್ನು ಒಳಗೆಲ್ಲ ಸವರಿ, ಅಚ್ಚನ್ನು ಬೋರಲು ಹಾಕಿ ತಟ್ಟಿ ಉದುರಿಸಿ. ಉಳಿಯುವ ಕಣ್ಣಿಗೆ ಕಾಣದಷ್ಟು ಪುಡಿಯೇ ರೆಸಿನನ್ನು ಮೂಲೆಮೂಲೆಗೆ ಎಳೆದೊಯ್ಯುತ್ತದೆ.

ಅಳತೆಯಲ್ಲಿ ಒಂದು ಎಚ್ಚರ. ಎರಡು ಬಾಟಲಿಗಳ ದ್ರವದ ಸಾಂದ್ರತೆ ಬೇರೆ ಬೇರೆ. ಒಂದೇ ರೆಸಿನ್ ಗಾತ್ರದಲ್ಲಿ 1:1 ಆಗಿದ್ದು ತೂಕದಲ್ಲಿ 100:90 ಆಗಿರಬಹುದು. ಲೇಬಲ್ ಯಾವುದನ್ನು ಹೇಳುತ್ತಿದೆ ಎಂದು ನೋಡಿ. 100:90 ಎಂದಿದ್ದರೆ ಮೊದಲನೆಯದು 5 ಗ್ರಾಂ, ಎರಡನೆಯದು 4.5 ಗ್ರಾಂ. ವೆಂಟಿಲೇಟರುಗಳಿಗೆ ಇಷ್ಟು ಬೇಕಿಲ್ಲ, ಆದರೆ ಇದಕ್ಕಿಂತ ಕಡಿಮೆ ಬೆರೆಸಿದರೆ ಒಂದು ಹನಿಯ ವ್ಯತ್ಯಾಸವೂ ಅನುಪಾತ ಕೆಡಿಸುತ್ತದೆ. ಉಳಿದದ್ದನ್ನು ಹೊಯ್ಯಲು ಬೋಗಿಯ ಬ್ಯಾಟರಿ ಪೆಟ್ಟಿಗೆ, ಬಫರ್ ಇಂಥ ಭಾಗಗಳ ಬೇರೆ ಅಚ್ಚುಗಳು ಪಕ್ಕದಲ್ಲಿ ಸಿದ್ಧವಾಗಿರಲಿ.

ಬೆರೆಸಿದ ಮೇಲೆ ಬೇಗ ಗಟ್ಟಿಯಾಗುವ ರೆಸಿನ್‌ನಲ್ಲಿ ನಿಮಗೆ ಸಿಗುವುದು ಎರಡು–ಮೂರು ನಿಮಿಷ. ಅದರಲ್ಲಿ ಅರ್ಧ ನಿಮಿಷ ಕಲಕಲು. ಗಾಳಿ ಸೇರುವಂತೆ ಕಡೆಯಬೇಡಿ, ಗೋಡೆ ಕೆರೆಯುತ್ತ ಮಡಚಿ ಕಲಕಿ. ಪ್ರತಿ ಗುಳಿಗೆ ಮೊದಲು ಒಂದೊಂದು ಹನಿ ಬಿಟ್ಟು, ಹಲ್ಲುಕಡ್ಡಿಯಂಥ ಪ್ಲಾಸ್ಟಿಕ್ ಮೊನೆಯಿಂದ ಗುಳಿಯ ಎರಡೂ ತುದಿಗಳನ್ನು ಸವರಿ. ಗುಳ್ಳೆ ಅಡಗುವುದು ಅಲ್ಲೇ, ಇಳಿಜಾರಿನ ಚೂಪಿನಲ್ಲಿ. ಆಮೇಲೆ ತುಂಬಿಸಿ, ಮಟ್ಟ ತುಸು ಉಬ್ಬಿ ನಿಲ್ಲುವಷ್ಟು. ಅದರ ಮೇಲೆ ಓಎಚ್‌ಪಿ ಹಾಳೆಯ (ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ) ತುಂಡನ್ನು ಒಂದು ಅಂಚಿನಿಂದ ಮೆಲ್ಲಗೆ ಇಳಿಸುತ್ತ ಮುಚ್ಚಿ, ಬೆರಳಿನಿಂದ ಒತ್ತಿ, ಚಪ್ಪಟೆ ಟೈಲಿನ ತುಂಡೊಂದನ್ನು ಹೇರಿ. ಹೆಚ್ಚಾದದ್ದು ಹೊರಗೆ ಹರಿದು ತಳ ಕನ್ನಡಿಯಷ್ಟು ಚಪ್ಪಟೆಯಾಗುತ್ತದೆ.

ಲೇಬಲ್ ಹತ್ತು ನಿಮಿಷದಲ್ಲಿ ಬಿಡಿಸಬಹುದು ಎನ್ನಬಹುದು. ಅದು ದೊಡ್ಡ ಮುದ್ದೆಯ ಮಾತು. ರೆಸಿನ್ ಗಟ್ಟಿಯಾಗುವುದು ತನ್ನದೇ ಶಾಖದಿಂದ. ಪುಟ್ಟ ಭಾಗದಲ್ಲಿ ಆ ಶಾಖ ಹುಟ್ಟುವ ಮೊದಲೇ ಆರಿಹೋಗುತ್ತದೆ. ಕಪ್ಪಿನಲ್ಲಿ ಉಳಿದದ್ದು ಕಲ್ಲಾಗಿದೆ ಎಂದು ಅಚ್ಚಿಗೆ ಕೈಹಾಕಬೇಡಿ. ಒಂದು ಗಂಟೆ ಬಿಡಿ. ಹಾಳೆಯನ್ನು ಸುಲಿದು, ಅಚ್ಚನ್ನು ಹಿಂದಕ್ಕೆ ಬಗ್ಗಿಸಿದರೆ ಒಂದೊಂದೇ ಹೊರಗೆ ಹಾರುತ್ತವೆ. ನೆಲ ಗುಡಿಸಿಟ್ಟುಕೊಳ್ಳಿ.

ಎರಡು ಭಾಗದ ಅಚ್ಚು

ಚಪ್ಪಟೆ ತಳವಿಲ್ಲದ್ದಕ್ಕೆ, ಉದಾಹರಣೆಗೆ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸುವ ಡಬ್ಬಾವಾಲಾನಿಗೆ, ಅಚ್ಚು ಎರಡು ಹೋಳಾಗಬೇಕು. ಐದೂವರೆ ಅಡಿಯ ಆಳು 1:87ರಲ್ಲಿ 19 ಮಿ.ಮೀ. ತಲೆಯ ಮೇಲೆ ಡಬ್ಬಿಗಳ ಉದ್ದನೆಯ ಮರದ ತಟ್ಟೆ, ಒಂದು ಕೈ ಅದನ್ನು ಹಿಡಿದು ಮೇಲೆ, ಇನ್ನೊಂದು ಕೈ ಕೆಳಗೆ. ತಟ್ಟೆಯನ್ನು ಸೇರಿಸಿಯೇ ಅಚ್ಚು ತೆಗೆದರೆ ತಟ್ಟೆಗೂ ಭುಜಕ್ಕೂ ನಡುವಿನ ಸಿಲಿಕೋನ್ ಕೆಲವೇ ಸಲಕ್ಕೆ ಹರಿಯುತ್ತದೆ. ತಟ್ಟೆಯನ್ನು ಬೇರೆಯೇ ಹೊಯ್ಯಿರಿ. ಅದಕ್ಕೆ ಒಂದೇ ಭಾಗದ ಅಚ್ಚು ಸಾಕು. ಮಾದರಿಯನ್ನು ಎಲ್ಲಿ ತುಂಡರಿಸಬೇಕೆಂದು ತೀರ್ಮಾನಿಸಿದರೆ ಅರ್ಧ ಕೆಲಸ ಆದಂತೆ.

ಗೊಂಬೆಯನ್ನು ಮಲಗಿಸಿ ಅರ್ಧದವರೆಗೆ ಕ್ಲೇಯಲ್ಲಿ ಹೂಳಿ, ಕ್ಲೇಯ ಅಂಚು ಮೈಗೆ ನೇರವಾಗಿ ಕೂಡುವಂತೆ ಪ್ಲಾಸ್ಟಿಕ್ ಮೊನೆಯಿಂದ ತಿದ್ದಿ. ಸುತ್ತ ಕುಂಚದ ಹಿಡಿಯ ತುದಿಯಿಂದ ನಾಲ್ಕು ಕುಳಿ ಒತ್ತಿ. ಎರಡು ಹೋಳುಗಳು ಜಾಗ ತಪ್ಪದೆ ಕೂಡಲು ಇವೇ ಆಧಾರ. ಮೊದಲ ಹೋಳಿಗೆ ಸಿಲಿಕೋನ್ ಸುರಿದು, ಗಟ್ಟಿಯಾದ ಮೇಲೆ ತಿರುಗಿಸಿ, ಗೊಂಬೆಯನ್ನು ಅಲುಗಿಸದೆ ಕ್ಲೇಯನ್ನಷ್ಟೇ ತೆಗೆಯಿರಿ. ಈಗ ತೆರೆದ ಸಿಲಿಕೋನಿನ ಮೇಲೆಲ್ಲ ವ್ಯಾಸಲಿನ್ ಅನ್ನು ಅತಿ ತೆಳುವಾಗಿ ಹಚ್ಚಲೇಬೇಕು. ಸಿಲಿಕೋನ್ ಬೇರೆ ಯಾವುದಕ್ಕೂ ಅಷ್ಟಾಗಿ ಅಂಟುವುದಿಲ್ಲ, ಸಿಲಿಕೋನಿಗೆ ಮಾತ್ರ ಅಂಟುತ್ತದೆ. ಇದೊಂದನ್ನು ಮರೆತರೆ ಗೊಂಬೆ ಒಳಗೇ ಸಮಾಧಿ.

ಎರಕವನ್ನು ಗೊಂಬೆ ತಲೆಕೆಳಗಾಗಿರುವಂತೆ, ಪಾದಗಳ ಕಡೆಯಿಂದ ಹೊಯ್ಯಿರಿ. ಪಾದದಲ್ಲಿ ಕತ್ತರಿಸಿದ ಗುರುತು ಯಾರಿಗೂ ಕಾಣದು. ತಲೆಕೆಳಗಾದಾಗ ಇಳಿಬಿಟ್ಟ ಕೈಯ ಬೆರಳುಗಳು ಮೇಲ್ಮುಖವಾಗುತ್ತವೆ, ಗಾಳಿ ಅಲ್ಲಿ ಸಿಕ್ಕಿಬೀಳುತ್ತದೆ. ಆ ಬೆರಳ ತುದಿಯಿಂದ ಅಚ್ಚಿನ ಮೇಲ್ಭಾಗದವರೆಗೆ ಚಾಕುವಿನಿಂದ ಕೂದಲಿನಷ್ಟು ಗೀರು ಎಳೆದರೆ ಗಾಳಿಗೆ ದಾರಿಯಾಯಿತು. ತಟ್ಟೆ ಹಿಡಿಯುವ ಕೈ ಈಗ ತಳದಲ್ಲಿದೆ. ಹೋಳುಗಳನ್ನು ಕೂಡಿಸುವ ಮೊದಲು ಅದರ ಬೆರಳುಗಳಿಗೂ ಟೋಪಿಯ ತುದಿಗೂ ಒಂದೊಂದು ಹನಿ ರೆಸಿನ್ ಸವರಿಬಿಡಿ. ಹೊರಗಿನಿಂದ ಎರಡು ಅಕ್ರಿಲಿಕ್ ತುಂಡಿಟ್ಟು ರಬ್ಬರ್ ಬ್ಯಾಂಡ್ ಹಾಕಿ. ಬಿಗಿ ಹೆಚ್ಚಾದರೆ ಡಬ್ಬಾವಾಲಾ ಚಪ್ಪಟೆಯಾಗುತ್ತಾನೆ, ಕಡಿಮೆಯಾದರೆ ಸುತ್ತ ರೆಕ್ಕೆ ಮೂಡುತ್ತದೆ. ಸಿರಿಂಜಿನಿಂದ ನಿಧಾನವಾಗಿ ತುಂಬಿಸಿ, ಬೆರಳ ಕಡೆಯ ಗೀರಿನಿಂದ ರೆಸಿನ್ ಇಣುಕಿದಾಗ ನಿಲ್ಲಿಸಿ.

ಬಿಡಿಸಿದ ಮೇಲೆ

ಎರಕಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ಸೋಪು ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಪೌಡರ್, ಜಿಡ್ಡು ಉಳಿದರೆ ಬಣ್ಣ ಪದರಪದರವಾಗಿ ಏಳುತ್ತದೆ. ಅಂಚಿನ ತೆಳು ಪೊರೆಯನ್ನು ಚಾಕುವಿನಿಂದ ಕೆರೆದು, 400ರಿಂದ 600ರ ಮರಳುಕಾಗದದಲ್ಲಿ ನೀರು ಹಾಕಿಯೇ ಉಜ್ಜಿ. ರೆಸಿನ್ ಧೂಳು ಶ್ವಾಸಕೋಶಕ್ಕೆ ಬೇಡ. ಬಾಗಿದ ಭಾಗವನ್ನು ಸುಮಾರು 60–70 ಡಿಗ್ರಿ ಬಿಸಿನೀರಿನಲ್ಲಿ ಅದ್ದಿ ನೇರ ಮಾಡಿ, ತಣ್ಣೀರಿನಲ್ಲಿ ಹಿಡಿದರೆ ಹಾಗೆಯೇ ನಿಲ್ಲುತ್ತದೆ. ಪ್ಲಾಸ್ಟಿಕ್ ಕಿಟ್ಟಿನ ಸಿಮೆಂಟ್ ರೆಸಿನ್ನಿಗೆ ಹಿಡಿಯುವುದಿಲ್ಲ. ಫೆವಿಕ್ವಿಕ್ ಅಥವಾ ಅರಾಲ್ಡೈಟ್ ಬಳಸಿ.

ಕೆಟ್ಟ ಎರಕವನ್ನು ಎಸೆಯುವ ಮೊದಲು ಮುರಿದು ನೋಡಿ. ಒಳಗೆಲ್ಲ ಸಣ್ಣ ನೊರೆ ಇದ್ದರೆ ತೇವ. ಒಂದೇ ಜಾಗದಲ್ಲಿ ಒಂದೇ ದೊಡ್ಡ ಗುಳ್ಳೆ, ಅದೂ ಪ್ರತಿ ಸಲ ಅಲ್ಲೇ ಬಂದರೆ ಅಚ್ಚಿನ ದೋಷ, ಗೀರು ಹಾಕಿ. ಅಂಟಂಟಾದ ಕಲೆಗಳಿದ್ದರೆ ಕಲಕಿದ್ದು ಸಾಲದು, ಇಡೀ ಭಾಗ ಮೆತ್ತಗಿದ್ದರೆ ಅನುಪಾತ ತಪ್ಪಿದೆ.

ಅಚ್ಚು ಇಪ್ಪತ್ತು–ಮೂವತ್ತು ಎರಕದವರೆಗೆ ಚೆನ್ನಾಗಿ ನಡೆಯುತ್ತದೆ, ಆಮೇಲೆ ಒಳಮೈ ಬಿರುಸಾಗಿ ಚೂರುಚೂರು ಕಿತ್ತುಬರುತ್ತದೆ. ಮೂಲವನ್ನು ಹಾಗಾಗಿ ಎಂದೂ ಬೋಗಿಗೆ ಅಂಟಿಸಬೇಡಿ, ಡಬ್ಬಿಯಲ್ಲಿ ಜೋಪಾನವಾಗಿಡಿ. ಅಚ್ಚನ್ನು ಮಡಚದೆ, ಮೇಲೆ ಭಾರ ಹೇರದೆ, ಒಳಗೊಂದು ಎರಕವನ್ನು ಬಿಟ್ಟೇ ಇಟ್ಟರೆ ಆಕಾರ ಕೆಡದು. ರೆಸಿನ್ ಬಾಟಲಿಗಳ ಕಂಠ ಒರೆಸಿ, ಮುಚ್ಚಳ ಬಿಗಿಮಾಡಿ, ಸಿಲಿಕಾ ಜೆಲ್ ಪೊಟ್ಟಣಗಳಿರುವ ಗಾಳಿಯಾಡದ ಡಬ್ಬಿಯಲ್ಲಿಡಿ. ಎರಡು ಬಾಟಲಿಗಳ ಮುಚ್ಚಳ ಅದಲುಬದಲಾದರೆ ಮತ್ತೆ ತೆರೆಯಲಾಗದು, ಅದಕ್ಕೆ ಬಾಟಲಿಗೂ ಮುಚ್ಚಳಕ್ಕೂ ಒಂದೇ ಬಣ್ಣದ ಟೇಪು ಅಂಟಿಸಿ. ಕಪ್ಪಿನಲ್ಲಿ ಉಳಿದ ರೆಸಿನನ್ನು ಸಿಂಕಿಗೆ ಸುರಿಯಬೇಡಿ. ಅಲ್ಲೇ ಗಟ್ಟಿಯಾಗಲು ಬಿಟ್ಟು, ಪೂರ್ತಿ ತಣ್ಣಗಾದ ಮೇಲೆ ಒಣಕಸದ ಬುಟ್ಟಿಗೆ ಹಾಕಿ.